ಉಂಡ ಪಕ್ಕ, ಉಣ್ಣದ ಪಕ್ಕ

ಮುಚ್ಚಿದ ಈಜುಕೊಳದಲ್ಲಿ ಕೂಗಿದರೆ ಕೂಗಿದವರಿಗೇ ತಮ್ಮ ಮಾತು ಅರ್ಥವಾಗುವುದಿಲ್ಲ. ಗೋಡೆಗೆ ಬಡಿದು, ಚಾವಣಿಗೆ ಬಡಿದು, ನೀರಿನ ಮೇಲೆ ಜಾರಿ ಒಂದು ಮಾತು ಹತ್ತಾಗಿ ವಾಪಸು ಬರುತ್ತದೆ. ಅಂಥ ಜಾಗದಲ್ಲಿ ಆಳದ ತುದಿಯಲ್ಲಿ ತಲೆ ಮುಳುಗಿಸಿದವರಿಗೂ ಕೇಳುವ ಹಾಗೆ "ಮೊಣಕಾಲು ಮಡಿಸಬೇಡ" ಎಂದು ಹೇಳಬಲ್ಲವಳು ಇಡೀ ಊರಿಗೆ ಒಬ್ಬಳೇ ಇದ್ದಳು. ಹೆತ್ತವರು ಇಟ್ಟ ಹೆಸರು ಯಾರ ಬಾಯಲ್ಲೂ ಉಳಿದಿರಲಿಲ್ಲ. ಈಜು ಕಲಿಯಲು ಬರುವ ಮಕ್ಕಳಿಗೆ, ಅವರ ತಾಯಂದಿರಿಗೆ, ಬಾಗಿಲಲ್ಲಿ ಟಿಕೆಟು ಹರಿಯುವವನಿಗೆ, ಎಲ್ಲರಿಗೂ ಅವಳು ಗುಡುಗಕ್ಕ.

ಗುಡುಗಕ್ಕನ ಗಂಡ ತಗಡಿನ ಮೇಸ್ತ್ರಿ. ಹೊಗೆ ಕೊಳವೆ, ನೀರಿನ ತೊಟ್ಟಿ, ದೊಡ್ಡ ಕಟ್ಟಡಗಳಲ್ಲಿ ಗಾಳಿ ಹರಿಯುವ ಚೌಕದ ಕೊಳವೆಗಳು, ಇವನ್ನೆಲ್ಲ ಬಡಿದೂ ಬಡಿದೂ ಅವನ ಕಿವಿಗಳು ಕೈಕೊಟ್ಟಿದ್ದವು. ಹೆಂಡತಿ ಆಡಿದ್ದು ಮಾತ್ರ ಸ್ಪಷ್ಟವಾಗಿ ಕೇಳುತ್ತಿತ್ತು. "ಏನಯ್ಯಾ, ಹೆಂಡತಿ ಮಾತು ಬಿಟ್ಟು ಬೇರೆಯವರ ಮಾತೇ ಕೇಳಲ್ವಲ್ಲ ನೀನು" ಎಂದು ಪಕ್ಕದ ಅಂಗಡಿಯವರು ಛೇಡಿಸಿದರೆ ಆ ಗೇಲಿಯೂ ಅವನಿಗೆ ಕೇಳುತ್ತಿರಲಿಲ್ಲ. ಕಿವಿಗೊಂದು ಯಂತ್ರ ಹಾಕಿಸಿಕೊಳ್ಳಿ ಎಂದು ಅವಳು ವರ್ಷಗಟ್ಟಲೆ ಹೇಳಿದ್ದಳು. "ನೀನಿದ್ದೀಯಲ್ಲ, ಇನ್ಯಾಕೆ" ಎಂದು ಅವನು ತಳ್ಳಿಹಾಕಿದ್ದ.

ಹೀಗಿರುವಾಗ ಗುಡುಗು ಗುಡುಗುವುದನ್ನು ನಿಲ್ಲಿಸಿತು.

ಮೊದಲು ಶೀತ ಎಂದುಕೊಂಡಳು. ಬಿಸಿನೀರು ಕುಡಿದಳು, ಉಪ್ಪುನೀರು ಮುಕ್ಕಳಿಸಿದಳು, ಎರಡು ದಿನ ರಜೆ ಹಾಕಿ ಮೌನವಾಗಿ ಕುಳಿತಳು. ದನಿ ಒಡೆದ ಹಾಗಾಗಲಿಲ್ಲ, ಸೋರಿದ ಹಾಗಾಯಿತು. ಮಾತಿಗಿಂತ ಗಾಳಿಯೇ ಹೆಚ್ಚು ಬರುತ್ತಿತ್ತು. ಒಂದು ವಾಕ್ಯಕ್ಕೆ ಎರಡು ಉಸಿರು ಬೇಕಾಗುತ್ತಿತ್ತು. ಇನ್ನೊಂದು ವಿಚಿತ್ರವೂ ಸೇರಿಕೊಂಡಿತು: ಲೋಟದಲ್ಲಿ ನೀರು ಕುಡಿದರೆ ನೆತ್ತಿಗೇರಿ ಕೆಮ್ಮು. ಇಷ್ಟು ವರ್ಷ ಕೊಳದ ನೀರಲ್ಲಿ ಕಳೆದವಳಿಗೆ ಒಂದು ಗುಟುಕು ನೀರು ಸಿಕ್ಕಿಹಾಕಿಕೊಳ್ಳುವುದೆಂದರೆ ಏನು? ಹೆದರಿಕೆಗಿಂತ ಮೊದಲು ಅವಳಿಗೆ ಸೋಜಿಗವಾಯಿತು. ಅವಳ ಸ್ವಭಾವವೇ ಅಂಥದ್ದು. ಚಿಕ್ಕಂದಿನಲ್ಲಿ ಮನೆಯ ಗಡಿಯಾರ ಬಿಚ್ಚಿ, ಮತ್ತೆ ಜೋಡಿಸಲಾಗದೆ, ಉಳಿದ ತಿರುಪುಗಳನ್ನು ಅಕ್ಕಿ ಡಬ್ಬಿಯಲ್ಲಿ ಬಚ್ಚಿಟ್ಟು ತಾಯಿಯ ಕೈಲಿ ಬೈಸಿಕೊಂಡವಳು ಅವಳು.

ಗಂಟಲಿನ ಡಾಕ್ಟರು ಮೂಗಿನ ಮೂಲಕ ತೆಳ್ಳಗಿನ ಕ್ಯಾಮೆರಾ ಕೊಳವೆ ಬಿಟ್ಟು ನೋಡಲು ಹೊರಟರು. ನೀರಿನಡಿಯಲ್ಲಿ ಕೊಳದ ಉದ್ದಕ್ಕೂ ಒಂದೇ ಉಸಿರಲ್ಲಿ ಹೋಗಿಬರುವ ಹೆಂಗಸು, ಆ ದಾರದಂಥ ಕೊಳವೆ ಗಂಟಲಿಗೆ ತಾಗಿದ್ದೇ ತಡ, ಡಾಕ್ಟರ ಕೈ ಹಿಡಿದು ಎಳೆದುಬಿಟ್ಟಳು. ಎರಡನೆಯ ಸಲವೂ ಅದೇ ಕತೆ.

"ನೀವು ಸರಿಯಾಗಿ ನೋಡೋಕೆ ಬಿಡ್ತಿಲ್ಲ" ಎಂದರು ಡಾಕ್ಟರು, ಬೇಸರಿಸಿಕೊಳ್ಳದೆ. "ಕಣ್ಣು ಮಿಟುಕಿಸೋಷ್ಟರಲ್ಲಿ ಕಂಡಿದ್ದು ಇಷ್ಟು. ಬಲಗಡೆ ಕೆಂಪಾಗಿದೆ, ಸ್ವಲ್ಪ ದಪ್ಪ ಇದೆ. ಗಂಟು ಇರಬಹುದು. ಮತ್ತಿನ ಔಷಧಿ ಕೊಟ್ಟು ಮಲಗಿಸಿ, ಅಲ್ಲಿಂದ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸೋಣ. ಅದಕ್ಕೆ ಮುಂಚೆ ಒಂದು ಪೆಟ್ ಸ್ಕ್ಯಾನ್ ಮಾಡಿಸಿ."

"ಗಂಟು ಅಂದ್ರೆ ಯಾವ ಗಂಟು?"

"ಕ್ಯಾನ್ಸರ್ ಇರಬಹುದು. ಇಲ್ಲದೆಯೂ ಇರಬಹುದು. ಅದನ್ನ ತಿಳ್ಕೊಳ್ಳೋಕೇ ಇದೆಲ್ಲ."

ಮನೆಗೆ ಬಂದು ಗಂಡನಿಗೆ ಹೇಳಿದಳು. ಅವನು ಊಟದ ತಟ್ಟೆಯ ಮುಂದೆ ಕೂತಿದ್ದ.

"ಪೆಟ್ ಮಾಡಿಸ್ಬೇಕಂತೆ ರೀ."

"ಪೆಟ್ಟಾ? ಯಾರಿಗೆ ಪೆಟ್ಟಾಯ್ತು?"

ಅವಳಿಗೆ ನಗು ಬಂತು. ನಗುವೂ ಗಾಳಿಯಾಗಿಯೇ ಹೊರಬಂತು. ಅವನ ಕೈಯನ್ನು ಎಳೆದುಕೊಂಡು ಅಂಗೈ ಮೇಲೆ ಬೆರಳಿನಿಂದ ಒಂದೊಂದೇ ಅಕ್ಷರ ಬರೆದಳು. ತಗಡು ಹಿಡಿದು ಒರಟಾದ ಅಂಗೈ ಅದು, ಕೊನೆಯ ಮಾತನ್ನು ಎರಡು ಸಲ ಬರೆಯಬೇಕಾಯಿತು. ಅರ್ಥವಾದ ಮೇಲೆ ಅವನು ಕೈ ಹಿಂದೆಗೆದುಕೊಳ್ಳಲಿಲ್ಲ. ತಟ್ಟೆಯಲ್ಲಿದ್ದದ್ದು ಆರಿ ತಣ್ಣಗಾಯಿತು.

ಮಾರನೆಯ ದಿನ ಅಂಗಡಿಗೆಂದು ಹೋದವನು ಮಧ್ಯಾಹ್ನವೇ ಮನೆಗೆ ಬಂದ. ಎರಡೂ ಕಿವಿಯ ಹಿಂದೆ ಹುರುಳಿ ಬೀಜದ ಬಣ್ಣದ ಪುಟ್ಟ ಯಂತ್ರಗಳಿದ್ದವು.

"ನಿನ್ನ ದನಿ ಇಷ್ಟೇ ಉಳಿಯೋದಾದ್ರೆ" ಎಂದ, "ಅಷ್ಟಾದರೂ ನನಗೆ ಕೇಳಲಿ ಅಂತ."

ಆಮೇಲೆ ನಲ್ಲಿ ತೊಟ್ಟಿಕ್ಕುವುದನ್ನು, ಬಾಗಿಲು ಕಿರುಗುಟ್ಟುವುದನ್ನು, ತನ್ನದೇ ಚಪ್ಪಲಿಯ ಸಪ್ಪಳವನ್ನು ಕೇಳುತ್ತ ಮನೆಯೆಲ್ಲ ಓಡಾಡಿದ. ಅವಳು ಅಡುಗೆಮನೆಯಲ್ಲಿ ನಿಂತು ಪಿಸುಗುಟ್ಟಿದಳು: "ಪೆದ್ದು ಮೇಸ್ತ್ರಿ." ಹಜಾರದಿಂದ ಉತ್ತರ ಬಂತು: "ಕೇಳಿಸ್ತು."

ಸ್ಕ್ಯಾನಿನ ದಿನ ಬೆಳಗಿನಿಂದ ಏನೂ ತಿನ್ನುವಂತಿರಲಿಲ್ಲ. ಗಂಡನನ್ನು ಹೊರಗೆ ಕೂರಿಸಿ ಅವಳನ್ನು ಒಳಗೆ ಕರೆದರು. ನಡುವಯಸ್ಸಿನ ಟೆಕ್ನಿಷಿಯನ್ ಬೆರಳ ತುದಿ ಚುಚ್ಚಿ ರಕ್ತದ ಸಕ್ಕರೆ ನೋಡಿದ. ಪಕ್ಕದ ಕೋಣೆಯಿಂದ ದಪ್ಪ ಸೀಸದ ಡಬ್ಬಿಯೊಂದನ್ನು ಎರಡೂ ಕೈಯಲ್ಲಿ ಹಿಡಿದು ತಂದ. ಅಷ್ಟು ಭಾರದ ಡಬ್ಬಿಯೊಳಗೆ ಇದ್ದದ್ದು ಕಿರುಬೆರಳಿನಷ್ಟು ಔಷಧಿ. ನಮ್ಮ ಮೇಸ್ತ್ರಿ ನೋಡಬೇಕಿತ್ತು ಇದನ್ನು, ಬೆಸುಗೆ ಎಲ್ಲಿದೆ ಎಂದು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು ಎಂದುಕೊಂಡಳು.

"ಏನಿದು, ವಿಷಾನಾ?" ಎಂದು ಕೇಳಿದಳು.

"ಸಕ್ಕರೆ" ಎಂದ ಅವನು, ಸೂಜಿ ಏರಿಸುತ್ತ. "ಸಕ್ಕರೆಯಂಥದ್ದೇ. ಅದಕ್ಕೆ ಒಂಚೂರು ವಿಕಿರಣ ಅಂಟಿಸಿರ್ತೀವಿ, ಗುರುತಿಗೆ. ಮೈಯಲ್ಲಿ ಯಾವ ಭಾಗಕ್ಕೆ ಹಸಿವು ಜಾಸ್ತಿಯೋ ಅದು ಜಾಸ್ತಿ ತಿನ್ನುತ್ತೆ. ಎಲ್ಲಿ ತಿಂತೋ ಅಲ್ಲಿ ಚಿತ್ರದಲ್ಲಿ ಹೊಳೆಯುತ್ತೆ."

"ಕ್ಯಾನ್ಸರ್‌ಗೆ ಹಸಿವು ಜಾಸ್ತಿಯಾ?"

"ಬಕಾಸುರನ ಹಸಿವು. ಆದ್ರೆ ದುಡಿಯೋ ಸ್ನಾಯುವಿಗೂ ಹಸಿವಾಗುತ್ತಲ್ಲ. ನೀವೀಗ ಓಡಾಡಿದ್ರೆ ಕಾಲು ತಿನ್ನುತ್ತೆ. ಮಾತಾಡಿದ್ರೆ ಗಂಟಲು ತಿನ್ನುತ್ತೆ. ಆಮೇಲೆ ಯಾವುದು ಕಾಯಿಲೆ, ಯಾವುದು ಕೆಲಸ ಅಂತ ಡಾಕ್ಟರಿಗೆ ತಲೆನೋವು. ಅದಕ್ಕೇ ಒಂದು ಗಂಟೆ ಸುಮ್ನೆ ಮಲಗಿರಬೇಕು. ಮಾತು ಬೇಡವೇ ಬೇಡ."

ಅವಳು ತುಟಿಯ ಮೇಲೆ ಬೆರಳಿಟ್ಟು ಒಪ್ಪಿಕೊಂಡಳು. ಅವನು ಕಂಬಳಿ ಹೊದಿಸಿ, ದೀಪ ತಗ್ಗಿಸಿ ಹೋದ.

ಒರಗುವ ಕುರ್ಚಿ ಮೆತ್ತಗಿತ್ತು. ಈಗ ಆ ಸಕ್ಕರೆ ಎಲ್ಲಿಗೆ ಹೋಗಿರಬಹುದು, ಮೊದಲು ಯಾರು ಬಾಯಿ ಹಾಕಿರಬಹುದು ಎಂದು ಅವಳು ಮೈಯೊಳಗೆಲ್ಲ ಕಲ್ಪನೆಯಲ್ಲಿ ಸುತ್ತಿಬಂದಳು. ಅಷ್ಟರಲ್ಲಿ ಪರದೆಯ ಆಚೆ ಯಾರೋ ಮೂಗು ಎಳೆದುಕೊಂಡದ್ದು ಕೇಳಿಸಿತು. ನಂತರ ನಡುಗುವ ಮುದಿದನಿ, ತನಗೆ ತಾನೇ ಎಂಬಂತೆ: "ನಾನು ಅದರೊಳಗೆ ಹೋಗಲ್ಲ. ಉಸಿರು ಕಟ್ಟುತ್ತೆ. ಹೋಗಲ್ಲ ಅಂದ್ರೆ ಹೋಗಲ್ಲ."

ಗುಡುಗಕ್ಕ ತಡೆದುಕೊಂಡಳು. ಒಂದು ಗಂಟೆ ಬಾಯಿ ಮುಚ್ಚಿಕೊಂಡಿರುವುದು ಏನು ಮಹಾ ಎಂದು ತನಗೇ ಹೇಳಿಕೊಂಡಳು. ಆಚೆ ಉಸಿರು ಮೇಲುಮೇಲಕ್ಕೆ ಓಡತೊಡಗಿತು. ಆ ಉಸಿರು ಅವಳಿಗೆ ಚಿರಪರಿಚಿತ. ಕೊಳದ ಮೊದಲ ಮೆಟ್ಟಿಲಲ್ಲಿ ಕಂಬಿ ಹಿಡಿದು ನಿಂತು, ನೀರನ್ನು ನೋಡುತ್ತ ಅಳುವ ಮಕ್ಕಳ ಉಸಿರು ಅದು.

"ಅಮ್ಮಾ" ಎಂದಳು, ಏಳದ ದನಿಯಲ್ಲಿ. "ಒಳಗೆ ಎಳ್ಕೊಳ್ಳೋ ಉಸಿರಿನ ಯೋಚನೆ ಬಿಡಿ. ಹೊರಗೆ ಬಿಡೋದನ್ನ ಮಾತ್ರ ನೋಡಿ. ಬಿಸಿ ಹಾಲು ಊದಿ ಆರಿಸ್ತೀವಲ್ಲ, ಹಾಗೆ. ಒಳಗೆ ಬರೋದು ತಾನಾಗೇ ಬರುತ್ತೆ."

"ಯಾರಮ್ಮಾ ನೀನು?"

"ಈಜು ಕಲಿಸೋಳು. ಊದಿ."

ಅಜ್ಜಿ ಊದಿದಳು. ಜೀವನವಿಡೀ ಬಟ್ಟೆ ಹೊಲಿದವಳಂತೆ, ಈಗ ಕರುಳಲ್ಲಿ ಏನೋ ಇದೆಯಂತೆ, ಮಗಳು ಹೊರಗೆ ಕೂತಿದ್ದಾಳಂತೆ. ಅವಳು ಹೇಳುತ್ತ ಹೋದಳು, ಗುಡುಗಕ್ಕ ನಡುನಡುವೆ ಊದಿಸುತ್ತ ಹೋದಳು, ನೀರಿಗೆ ಹೆದರಿ ಟವೆಲು ಸುತ್ತಿಕೊಂಡು ಶೌಚಾಲಯದಲ್ಲಿ ಅಡಗಿ ಕೂತಿದ್ದ ದಪ್ಪ ಮೀಸೆಯ ಪೈಲ್ವಾನನೊಬ್ಬನ ಕತೆಯನ್ನೂ ಹೇಳಿದಳು. ಅಜ್ಜಿ ಕಿಸಕ್ಕನೆ ನಕ್ಕಳು. ಟೆಕ್ನಿಷಿಯನ್ ಬಂದು ಅಜ್ಜಿಯನ್ನು ಕರೆದಾಗ ಅವಳು ಜಗಳವಿಲ್ಲದೆ ಎದ್ದುಹೋದಳು. ಆಗಷ್ಟೇ ಗುಡುಗಕ್ಕನಿಗೆ ತಾನು ಮಾತು ತಪ್ಪಿದ್ದು ನೆನಪಾಯಿತು.

ಅವಳ ಸರದಿ ಬಂತು. ದೊಡ್ಡ ಬಳೆಯಂಥ ಯಂತ್ರ ಅವಳನ್ನು ನಿಧಾನವಾಗಿ ಒಳಕ್ಕೆ ತೆಗೆದುಕೊಂಡು, ನಿಧಾನವಾಗಿ ಹೊರಕ್ಕೆ ಬಿಟ್ಟಿತು. ನೋವಿಲ್ಲ, ಗದ್ದಲವಿಲ್ಲ. ಎದ್ದು ಬಟ್ಟೆ ಸರಿಮಾಡಿಕೊಳ್ಳುತ್ತಿರುವಾಗ ಟೆಕ್ನಿಷಿಯನ್ ಹೇಳಿದ: "ಸ್ವಲ್ಪ ಇರಿ. ಡಾಕ್ಟರಮ್ಮ ನಿಮ್ಮ ಹತ್ರ ಏನೋ ಕೇಳ್ಬೇಕಂತೆ."

ಚಿತ್ರ ಓದುವ ಡಾಕ್ಟರಮ್ಮನ ಕೋಣೆ ಅರೆಗತ್ತಲು. ಸಾಲಾಗಿ ಮೂರು ಪರದೆಗಳು, ಕೀಲಿಮಣೆಯ ಪಕ್ಕದಲ್ಲಿ ಅರ್ಧ ತಿಂದ ಬಿಸ್ಕತ್ತಿನ ಪೊಟ್ಟಣ. ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡು, ಪರದೆಗೆ ಮೂಗು ತಾಗುವಷ್ಟು ಹತ್ತಿರ ಬಾಗಿ ಕೂತಿದ್ದ ಆಕೆ ತಿರುಗಿ, ದೂರದ ಕುರ್ಚಿ ತೋರಿಸಿದಳು.

"ಅಲ್ಲೇ ಕೂತ್ಕೊಳ್ಳಿ. ಇನ್ನೂ ಸ್ವಲ್ಪ ಹೊತ್ತು ನಿಮ್ಮ ಮೈಯಿಂದ ವಿಕಿರಣ ಬರ್ತಿರುತ್ತೆ, ನಾನು ದಿನಾ ಇಲ್ಲೇ ಇರೋಳು. ಒಂದು ವಿಷಯ ನಿಜ ಹೇಳಿ. ಔಷಧಿ ಕೊಟ್ಟ ಮೇಲೆ ಮಾತಾಡಿದ್ರಾ?"

ಗುಡುಗಕ್ಕ ಬಾಗಿಲ ಬಳಿಯಿದ್ದ ಟೆಕ್ನಿಷಿಯನ್ನನ ಮುಖ ನೋಡಿದಳು. ಸುಳ್ಳು ಹೇಳಿದರೆ ತಾನು ಬಚಾವು. ಆದರೆ ಚಿತ್ರ? ಮೈಯನ್ನೇ ಓದುತ್ತಿರುವವರ ಮುಂದೆ ಬಾಯಿ ಸುಳ್ಳು ಹೇಳಿ ಏನು ಪ್ರಯೋಜನ?

"ಇವರು ಬೇಡ ಅಂದಿದ್ರು. ಆದ್ರೂ ಮಾತಾಡ್ದೆ."

"ಎಷ್ಟು?"

"ಬೇಕಾದಷ್ಟು."

ಡಾಕ್ಟರಮ್ಮ ಬೈಯಲಿಲ್ಲ. ಕನ್ನಡಕ ಕಣ್ಣಿಗಿಳಿಸಿಕೊಂಡು, "ಹಾಗಾದ್ರೆ ಇನ್ನೂ ವಿಚಿತ್ರ" ಎಂದಳು, ಅರ್ಧ ತನಗೇ.

"ನಾನೂ ನೋಡಬಹುದಾ?"

ಅದುವರೆಗೆ ಆ ಕೋಣೆಗೆ ಬಂದ ರೋಗಿಗಳು ಕೇಳಿದ್ದು ಒಂದೇ ಪ್ರಶ್ನೆ, ಇದೆಯೋ ಇಲ್ಲವೋ ಎಂದು. ಡಾಕ್ಟರಮ್ಮ ಪರದೆಯನ್ನು ಅವಳ ಕಡೆ ತಿರುಗಿಸಿದಳು.

ಬೂದುಬಣ್ಣದ ಒಂದು ಹೆಂಗಸು, ಕಣ್ಣುಮೂಗಿಲ್ಲದವಳು, ಕೈ ಮೇಲೆತ್ತಿ ನೀರಿಗೆ ಹಾರುವವಳಂತೆ ನಿಂತಿದ್ದಳು. ತಲೆಯೊಳಗೆ ಕೆಂಡ ಸುರಿದಂಥ ಬೆಳಕು.

"ಅಯ್ಯೋ, ತಲೆಯಲ್ಲಿ ಅಷ್ಟೊಂದು?"

"ಅದು ಮಿದುಳು. ಅದಕ್ಕೆ ಯಾವಾಗಲೂ ಹಸಿವೇ, ಎಲ್ಲರಿಗೂ ಹಾಗೇ. ಇದು ಹೃದಯ. ಕೆಳಗೆ ಮೂತ್ರಕೋಶ, ಔಷಧಿ ಹೊರಗೆ ಹೋಗೋ ದಾರಿ. ಇವಕ್ಕೆಲ್ಲ ಹೆದರಬೇಡಿ. ಇಲ್ಲಿ ನೋಡಿ." ಡಾಕ್ಟರಮ್ಮನ ಬೆರಳು ಕತ್ತಿನ ಹತ್ತಿರ ಬಂತು. ಅಲ್ಲಿ ಬಲಗಡೆ ಒಂದು ಬೆಳಕಿನ ಕಾಳು.

"ಗಂಟಲಿನ ಡಾಕ್ಟರು ಬಲಗಡೆ ಗಂಟು ಅಂದಿದ್ರು" ಎಂದಳು ಗುಡುಗಕ್ಕ.

"ನನಗೂ ಮೊದಲು ಹಾಗೇ ಅನ್ನಿಸ್ತು. ಆದ್ರೆ ಕೇಳಿ. ಗಂಟಲಲ್ಲಿ ಎರಡು ಕದ ಇರುತ್ತೆ, ಎಡಕ್ಕೊಂದು ಬಲಕ್ಕೊಂದು. ಎರಡೂ ಬಂದು ಸೇರಿದ್ರೆ ದನಿ. ನೀವು ಅಷ್ಟೊಂದು ಮಾತಾಡಿದ್ದೀರಿ, ಎರಡೂ ಕದ ದುಡಿದಿರಬೇಕು, ಎರಡೂ ಸಕ್ಕರೆ ತಿಂದಿರಬೇಕು. ನನಗೆ ಎರಡು ದೀಪ ಕಾಣ್ಬೇಕಿತ್ತು. ಒಂದೇ ಕಾಣ್ತಿದೆ."

ಗುಡುಗಕ್ಕ ಪರದೆಯನ್ನೇ ನೋಡಿದಳು. ಈಗ ಅವಳ ಕಣ್ಣು ಬೆಳಕಿನ ಕಾಳನ್ನು ಬಿಟ್ಟು ಅದರ ಎಡಕ್ಕಿದ್ದ ಬರಿದು ಕತ್ತಲಿಗೆ ಸರಿಯಿತು.

"ಎಡಗಡೆಯದು ಯಾಕೆ ಉಣ್ಣಲಿಲ್ಲ?"

"ಅದೇ ನನ್ನ ಪ್ರಶ್ನೆ" ಎಂದಳು ಡಾಕ್ಟರಮ್ಮ. ದನಿಯಲ್ಲಿ ಹುರುಪಿತ್ತು. "ದುಡಿಯಲಿಲ್ಲ, ಅದಕ್ಕೇ ಉಣ್ಣಲಿಲ್ಲ. ಎಡಗಡೆ ಕದ ಅಲ್ಲಾಡ್ತಾನೇ ಇಲ್ಲ ಅಂತ ಕಾಣುತ್ತೆ. ಬಲಗಡೆಯದು ಪಾಪ, ತನ್ನ ಕೆಲಸ ಮಾಡಿ, ಅರ್ಧ ದಾರಿ ದಾಟಿ ಹೋಗಿ ಅದರ ಕೆಲಸಾನೂ ಮಾಡ್ತಿದೆ. ಕೆಂಪಾಗಿದೆ, ದಪ್ಪಗಾಗಿದೆ ಅಂದ್ರೆ ಆಶ್ಚರ್ಯ ಏನು? ಎರಡಾಳಿನ ದುಡಿಮೆ ಒಬ್ಬನೇ ಮಾಡಿದ್ರೆ ಹಾಗೇ ಆಗೋದು. ನೀರು ಕುಡಿದ್ರೆ ಕೆಮ್ಮು ಬರುತ್ತಾ?"

"ಬರುತ್ತೆ. ನಿಮಗೆ ಹೇಗೆ ಗೊತ್ತು?"

"ಕದ ಪೂರ್ತಿ ಮುಚ್ಚದಿದ್ರೆ ನೀರು ಒಳಗೆ ನುಗ್ಗುತ್ತೆ." ಆಕೆ ಆಗಲೇ ಕೈಯಲ್ಲಿದ್ದ ಮೌಸನ್ನು ಉರುಳಿಸುತ್ತಿದ್ದಳು. ಬೂದು ಹೆಂಗಸು ತೆಳ್ಳನೆಯ ಹೋಳುಗಳಾಗಿ, ಒಂದರ ಹಿಂದೊಂದು ಸರಿದುಹೋದಳು. "ಎಡಗಡೆ ಕದಕ್ಕೆ ಅಪ್ಪಣೆ ಕೊಡೋ ನರ ಒಂದಿದೆ. ಅದು ನೇರವಾಗಿ ಗಂಟಲಿಗೆ ಬರಲ್ಲ. ಕತ್ತು ದಾಟಿ ಎದೆಗೆ ಇಳಿದು, ಹೃದಯದಿಂದ ಹೊರಡೋ ದೊಡ್ಡ ರಕ್ತನಾಳದ ಕೆಳಗೆ ತೂರಿ, ಒಂದು ಸುತ್ತು ಹಾಕಿ ವಾಪಸು ಮೇಲೆ ಬರುತ್ತೆ. ಆ ದಾರೀಲಿ ಎಲ್ಲಿ ಒತ್ತಿದ್ರೂ ಇಲ್ಲಿ ದನಿ ಹೋಗುತ್ತೆ. ಹುಡುಕ್ತಾ ಹೋಗೋಣ."

ಇಬ್ಬರು ಹೆಂಗಸರೂ ಸರಿಯುವ ಹೋಳುಗಳನ್ನೇ ನೋಡಿದರು. ಟೆಕ್ನಿಷಿಯನ್ ಕೂಡ ಹತ್ತಿರ ಬಂದು ನಿಂತ. ಕತ್ತಿನಲ್ಲಿ ಏನೂ ಇಲ್ಲ. ಭುಜದ ಮಟ್ಟದಲ್ಲಿ ಏನೂ ಇಲ್ಲ. ಹೃದಯದ ಹೊಳಪು ಶುರುವಾಗುವ ಮುಂಚೆ, ರಕ್ತನಾಳದ ಕಮಾನಿನ ಕೆಳಗೆ, ಮೌಸು ನಿಂತಿತು.

"ಅದಾ?" ಎಂದಳು ಗುಡುಗಕ್ಕ.

"ಅದೇ."

ಕಡಲೆಗಿಂತ ಸ್ವಲ್ಪ ದೊಡ್ಡದು. ಹೃದಯದ ಬೆಳಕಿನ ಪಕ್ಕದಲ್ಲಿ, ದೊಡ್ಡವರ ಸೆರಗಿನ ಮರೆಯಲ್ಲಿ ನಿಂತ ಮಗುವಿನಂತೆ ಇತ್ತು. ಹುಡುಕದಿದ್ದರೆ ಹೃದಯದ್ದೇ ಒಂದು ಚೂರು ಎಂದು ಕಣ್ಣು ದಾಟಿಹೋಗುತ್ತಿತ್ತು.

"ಕ್ಯಾನ್ಸರಾ?"

"ಈ ಚಿತ್ರ ಹಸಿವನ್ನ ತೋರಿಸುತ್ತೆ, ಹೆಸರು ಹೇಳಲ್ಲ. ಸೋಂಕು ತಗುಲಿದ ಗ್ರಂಥಿಗೂ ಇಷ್ಟೇ ಹಸಿವಿರುತ್ತೆ. ಅಲ್ಲಿಂದ ಸೂಜಿಯಲ್ಲಿ ಚೂರು ತೆಗೆದು ನೋಡಿದ ಮೇಲೇ ಹೆಸರು. ಆದ್ರೆ ತೆಗೀಬೇಕಾಗಿರೋದು ಎಲ್ಲಿಂದ ಅಂತ ಈಗ ಗೊತ್ತಾಯ್ತು." ಆಕೆ ಫೋನೆತ್ತಿ ಗಂಟಲಿನ ಡಾಕ್ಟರಿಗೆ ಅಲ್ಲೇ ವಿಷಯ ತಿಳಿಸಿದಳು. ಫೋನಿಟ್ಟ ಮೇಲೆ, "ಇನ್ನೊಂದು ಸಲ ಸ್ಕ್ಯಾನ್ ಅಂದಾಗ ಬಾಯಿ ಮುಚ್ಕೊಂಡಿರಿ" ಎಂದಳು. "ಈ ಸಲ ಅದೃಷ್ಟ. ಎಲ್ಲ ಸಲವೂ ಹೀಗಾಗಲ್ಲ."

ಹೊರಗೆ ಬಂದಾಗ ಮೇಸ್ತ್ರಿ ಎದ್ದು ನಿಂತ. ಕಿವಿಯ ಯಂತ್ರದ ಗುಂಡಿಯನ್ನು ತಿರುಗಿಸಿ ಪೂರ್ತಿ ಏರಿಸಿಕೊಂಡಿದ್ದ. ಅವಳು ಎಲ್ಲವನ್ನೂ ಹೇಳಿದಳು. ಹೇಳುವಾಗ ಗಂಟು ಇದೆ ಎಂಬುದಕ್ಕಿಂತ ಅದು ಸಿಕ್ಕ ಬಗೆಯನ್ನೇ ಹೆಚ್ಚು ಹೇಳಿದಳೆಂದು ಅವನಿಗೆ ಅನ್ನಿಸಿತು. "ನಿನಗೆ ಭಯ ಆಗಲ್ವೇನೇ?" ಎಂದು ಕೇಳಿದ. "ಆಗುತ್ತೆ" ಎಂದಳು. "ಆದ್ರೆ ಯಾವುದಕ್ಕೆ ಹೆದರ್ತಿದೀನಿ ಅಂತ ಈಗ ಕಣ್ಣಾರೆ ನೋಡಿದೀನಲ್ಲ. ಬರೀ ಕತ್ತಲೆಗೆ ಹೆದರೋದು ಇದಕ್ಕಿಂತ ಕಷ್ಟ."

ಗಂಟಲಿನ ಡಾಕ್ಟರು ಮತ್ತಿನ ಔಷಧಿ ಕೊಟ್ಟು ಮಲಗಿಸಿಯೇ ನೋಡಿದರು. ಚಿತ್ರ ಹೇಳಿದಂತೆಯೇ ಬಲಗಡೆ ಗಂಟೇನೂ ಇರಲಿಲ್ಲ, ದುಡಿದು ದಣಿದ ಮಾಂಸವಷ್ಟೇ. "ಅಲ್ಲಿಂದ ಚೂರು ಕತ್ತರಿಸಿದ್ದಿದ್ರೆ ನಿಮಗೆ ಉಳಿದಿದ್ದ ಒಂದು ಒಳ್ಳೇ ಕದಾನೂ ಹಾಳು ಮಾಡ್ತಿದ್ದೆ" ಎಂದು ಅವರೇ ಹೇಳಿದರು. ಅದೇ ಮತ್ತಿನಲ್ಲಿ ಇನ್ನೊಬ್ಬ ಡಾಕ್ಟರು ಶ್ವಾಸನಾಳದ ಮೂಲಕ ಸೂಜಿ ಬಿಟ್ಟು ಎದೆಯ ಆ ಗ್ರಂಥಿಯಿಂದ ಚೂರು ತೆಗೆದರು.

ಹೆಸರು ಬಂತು. ಲಿಂಫೋಮಾ, ದುಗ್ಧರಸ ಗ್ರಂಥಿಯ ಕ್ಯಾನ್ಸರ್. ಮೇಸ್ತ್ರಿ ಆ ದಿನ ಕಿವಿಯ ಯಂತ್ರ ತೆಗೆದು ಜೇಬಿಗಿಟ್ಟುಕೊಂಡು, ಸಂಜೆಯವರೆಗೆ ಅಂಗಡಿಯಲ್ಲಿ ಯಾರಿಗೂ ಬೇಕಿಲ್ಲದ ಒಂದು ತಗಡನ್ನು ಬಡಿದ. ಮನೆಗೆ ಬಂದು ಮತ್ತೆ ಹಾಕಿಕೊಂಡ. "ಹೇಳು" ಎಂದ. ಬೇರೆಲ್ಲೂ ಹರಡಿಲ್ಲವೆಂದು ಚಿತ್ರವೇ ತೋರಿಸಿದೆ, ಔಷಧಿಗೆ ಬಗ್ಗುವ ಜಾತಿಯದಂತೆ ಎಂದು ಅವಳು ಹೇಳಿದಳು. "ಬಗ್ಗದಿದ್ರೆ ನನ್ನ ಸುತ್ತಿಗೆ ಇದೆ" ಎಂದ ಅವನು. ಇಬ್ಬರೂ ನಕ್ಕರು, ಆಮೇಲೆ ಒಬ್ಬರಾದ ಮೇಲೊಬ್ಬರು ಅತ್ತರು.

ತಿಂಗಳುಗಟ್ಟಲೆ ಔಷಧಿ ಹನಿಹನಿಯಾಗಿ ತೋಳಿಗೆ ಇಳಿಯಿತು. ವಾಂತಿಯಾಯಿತು, ಬಾಯಿ ಹುಣ್ಣಾಯಿತು, ಮೆಟ್ಟಿಲು ಬೆಟ್ಟವಾಯಿತು. ಕೂದಲು ಉದುರಿದಾಗ ನೋಡಲು ಬಂದ ಟಿಕೆಟಿನವನು ಏನು ಹೇಳಬೇಕೆಂದು ತಿಳಿಯದೆ ನಿಂತಿದ್ದ. ಅವಳೇ ಸಮಾಧಾನ ಮಾಡಿದಳು: "ಈಜೋ ಟೋಪಿ ಹಾಕ್ಕೊಳ್ಳೋದು ಈಗ ಎಷ್ಟು ಸಲೀಸು ಗೊತ್ತಾ?" ದನಿ ಮಾತ್ರ ಚೂರುಚೂರೇ ಗಟ್ಟಿಯಾಗುತ್ತ ಬಂತು. ಒಂದು ಬೆಳಗ್ಗೆ ನೀರು ಕುಡಿದು ಕೆಮ್ಮಲಿಲ್ಲ. ಆ ಲೋಟವನ್ನು ಕೆಳಗಿಟ್ಟು, ಮತ್ತೆ ತುಂಬಿಸಿ, ಪರೀಕ್ಷೆಗೆಂದು ಇನ್ನೊಮ್ಮೆ ಕುಡಿದಳು.

ಔಷಧಿ ಮುಗಿದ ಮೇಲೆ ಎರಡನೆಯ ಸ್ಕ್ಯಾನು. ಈ ಸಲ ಅವಳು ಕಲ್ಲಿನಂತೆ ಮಲಗಿದ್ದಳು. ಪಕ್ಕದ ಕುರ್ಚಿಯಲ್ಲಿದ್ದವರು ಗೊರಕೆ ಹೊಡೆಯುತ್ತಿದ್ದದ್ದರಿಂದ ಅದು ಸುಲಭವೂ ಆಯಿತು. ಡಾಕ್ಟರಮ್ಮ ಕೇಳುವ ಮುಂಚೆಯೇ ಪರದೆ ತಿರುಗಿಸಿದಳು. ಮಿದುಳು ಎಂದಿನಂತೆ ಉರಿಯುತ್ತಿತ್ತು. ಕಮಾನಿನ ಕೆಳಗೆ ಕತ್ತಲೆಯಿತ್ತು, ಒಳ್ಳೆಯ ಕತ್ತಲೆ.

"ಅಲ್ಲೀಗ ಯಾರೂ ಉಣ್ತಿಲ್ಲ" ಎಂದಳು ಡಾಕ್ಟರಮ್ಮ. "ಇನ್ನು ಆಗಾಗ ಬಂದು ತೋರಿಸ್ತಿರಿ."

ಗುಡುಗಕ್ಕ ಎದ್ದಳು, ಬಾಗಿಲವರೆಗೆ ಹೋದಳು, ತಿರುಗಿ ನಿಂತಳು.

"ಒಂದು ಕೇಳ್ಲಾ? ಅವತ್ತಿಂದ ತಲೆ ತಿಂತಿದೆ. ಆ ನರ ಗಂಟಲಿಗೆ ಹೋಗಬೇಕಾದದ್ದು. ತಲೆಯಿಂದ ಗಂಟಲಿಗೆ ಒಂದು ಗೇಣು. ಅದು ಯಾಕೆ ಎದೆವರೆಗೂ ಇಳಿದು, ಸುತ್ತು ಹಾಕ್ಕೊಂಡು ವಾಪಸು ಬರುತ್ತೆ? ನಮ್ಮ ಮನೆಯವರು ಹಾಗೆ ಕೊಳವೆ ಜೋಡಿಸಿದ್ರೆ ಗಿರಾಕಿ ಬೈದು ಕಳಿಸ್ತಾರೆ."

ಡಾಕ್ಟರಮ್ಮ ಬಿಸ್ಕತ್ತಿನ ಪೊಟ್ಟಣವನ್ನು ಅವಳ ಕಡೆ ಚಾಚಿದಳು.

"ತಾಯಿ ಹೊಟ್ಟೇಲಿ ನಾವು ಹುರುಳಿಕಾಳಿನಷ್ಟಿದ್ದಾಗ ನಮಗೆ ಕತ್ತೇ ಇರಲ್ಲ. ಹೃದಯ ಗಂಟಲ ಹತ್ರಾನೇ ಇರುತ್ತೆ. ಆಗ ಆ ನರ ನೇರವಾಗೇ ಹೋಗ್ತಿತ್ತು, ಹೃದಯದ ರಕ್ತನಾಳದ ಕೆಳಗಿಂದ. ಆಮೇಲೆ ಕತ್ತು ಬೆಳೀತು, ಹೃದಯ ಕೆಳಗಿಳೀತು. ಇಳೀವಾಗ ನರಾನೂ ಜೊತೆಗೆ ಎಳ್ಕೊಂಡು ಹೋಯ್ತು. ಬಿಡಿಸ್ಕೊಳ್ಳೋಕೆ ಆಗಲಿಲ್ಲ."

ಬೀದಿಗೆ ಬಂದ ಮೇಲೆ ಅವಳು ಅದನ್ನೇ ಗಂಡನಿಗೆ ಹೇಳಿದಳು. ಕಂಠ ಮೊದಲಿನಷ್ಟು ದೊಡ್ಡದಿರಲಿಲ್ಲ, ಒಂದು ಬದಿ ಇನ್ನೂ ಒರಟಾಗಿತ್ತು. ಆದರೂ ಬಸ್ಸುಗಳ ಸದ್ದಿನ ನಡುವೆ ಅವನಿಗೆ ಎಲ್ಲವೂ ಕೇಳಿಸಿತು. ಅವನು ನಡೆಯುತ್ತಲೇ ತನ್ನ ಗಂಟಲ ಗುಳಿಯನ್ನು ಬೆರಳಿನಿಂದ ಮುಟ್ಟಿ ನೋಡಿಕೊಂಡ, ಅಲ್ಲಿಂದ ಎದೆಯವರೆಗೆ ಅಳೆದ.

"ಹಾಗಾದ್ರೆ ಹೃದಯ ಬಾಯಿಗೆ ಬಂತು ಅಂತಾರಲ್ಲ" ಎಂದ, "ಅದು ಸುಳ್ಳಲ್ಲ ಅನ್ನು. ಹಳೇ ಮನೆ ನೋಡೋಕೆ ಹೋಗಿರುತ್ತೆ."

ಅವಳು ರಸ್ತೆಯ ಮಧ್ಯೆ ನಿಂತು ನಕ್ಕಳು. ಹಿಂದಿನಿಂದ ಬಂದ ಸೈಕಲ್ಲಿನವನು ಗಂಟೆ ಬಾರಿಸಿದ. ಗಂಟೆ ಕೇಳಿ ಮೊದಲು ಪಕ್ಕಕ್ಕೆ ಸರಿದವನು ಮೇಸ್ತ್ರಿ.